ನೇರಳೆ ಸಾರ: ಕುದಿಸೋದಾ, ಎಂಜೈಮ್ ಹಾಕೋದಾ?

ಮಂಡ್ಯ ಕಡೆ ನೇರಳೆ ಹಣ್ಣಿನ ಸಾರ ತೆಗೆಯುವ ಸಣ್ಣ ಘಟಕ ಹಾಕುವವರು ಮೊದಲು ಯೋಚಿಸುವುದು ಕುದಿಸುವುದನ್ನೇ. ಅಗ್ಗ ಅಲ್ವಾ! ಆದರೆ ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್ ಜಾಸ್ತಿ ಶಾಖಕ್ಕೆ ಹಾಳಾಗುತ್ತದೆ. ಹಣ್ಣಿನಲ್ಲಿರುವ ಅಂಟಿನಂಥ ಪೆಕ್ಟಿನ್ ಕರಗಿ ರಸ ಲೋಳೆಯಾಗುತ್ತದೆ, ಸೋಸುವ ಬಟ್ಟೆ ಕಟ್ಟಿಕೊಳ್ಳುತ್ತದೆ.

ಪೆಕ್ಟಿನೇಸ್ ಎಂಬ ಎಂಜೈಮ್ (ಕಿಣ್ವ) ಆ ಪೆಕ್ಟಿನನ್ನೇ ತುಂಡರಿಸುತ್ತದೆ. ತಿರುಳನ್ನು 45–50 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಗಂಜಿಯಂತಿದ್ದದ್ದು ತೆಳುವಾಗುತ್ತದೆ. ಸಿಪ್ಪೆಯ ಬಣ್ಣವೂ ಬಿಡುತ್ತದೆ. ಕೊನೆಗೆ ಸ್ವಲ್ಪ ಹೊತ್ತು 85–90 ಡಿಗ್ರಿಗೆ ಏರಿಸಿ ಎಂಜೈಮಿನ ಕೆಲಸ ನಿಲ್ಲಿಸಬೇಕು. ಸುಮ್ನೆ ಅಗ್ಗದ ಎಂಜೈಮ್ ಪುಡಿ ತರಬೇಡಿ. ಕೆಲವದರಲ್ಲಿ ಬೀಟಾ-ಗ್ಲೂಕೊಸಿಡೇಸ್ ಎಂಬ ಇನ್ನೊಂದು ಎಂಜೈಮ್ ಬೆರೆತಿದ್ದು, ಬಣ್ಣವನ್ನೇ ಕೆಡಿಸುತ್ತದೆ.

ಆಲ್ಕೋಹಾಲಿನಲ್ಲಿ ಸಾರ ತೆಗೆಯುವ ದಾರಿಯೂ ಇದೆ; ಅದು ಬೀಜಕ್ಕೆ ಸರಿ, ಆದರೆ ಬೆಂಕಿಯ ಭಯ, ಅಬಕಾರಿ ಪರವಾನಗಿಯ ಓಡಾಟ. ತಿರುಳಿಗಾದರೆ ನನ್ನ ಓಟು ಎಂಜೈಮಿಗೆ. ಯಂತ್ರ ಕೊಳ್ಳುವ ಮುಂಚೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಒಮ್ಮೆ ವಿಚಾರಿಸಿ.