ಸಿಯಾಟಲ್ ಕಡೆ ಹಿಮದಲ್ಲಿ ನಡೆಯುವವರಿಗೆ: ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಮುನ್ಸೂಚನೆ ಹೇಗಿದೆ?

ಬೆಟ್ಟದಲ್ಲಿ ಹಿಮ ಜಾರಿ ಬೀಳುವ ಅಪಾಯ ಎಷ್ಟೆಂದು ಹೇಳುವ ಇವರ ಮುನ್ಸೂಚನೆಯನ್ನು ಎರಡು ಚಳಿಗಾಲದಿಂದ ಓದದೆ ನಾನು ಬೆಟ್ಟದ ಕಡೆ ಕಾರು ತಿರುಗಿಸಿಲ್ಲ. ದುಡ್ಡು ಕೊಡಬೇಕಿಲ್ಲ. ಸೀಸನ್‌ನಲ್ಲಿ ದಿನಾ ಸಂಜೆ ಮರುದಿನದ್ದು ಬರುತ್ತದೆ. ಒಲಿಂಪಿಕ್ಸ್, ಕ್ಯಾಸ್ಕೇಡ್ಸ್ ಬೆಟ್ಟಸಾಲುಗಳು, ಕೆಳಗೆ ಆರೆಗಾನ್‌ನ ಮೌಂಟ್ ಹುಡ್‌ವರೆಗೆ ಒಂದೊಂದು ಪ್ರದೇಶಕ್ಕೂ ಬೇರೆ ಬೇರೆ.

ನಮ್ಮ ಪತ್ರಿಕೆಗಳಲ್ಲಿ ಆಕಾಶದಿಂದ ಹಿಮ ಬಿದ್ದರೂ ಹಿಮಪಾತ, ಗುಡ್ಡದಿಂದ ಜಾರಿ ಬಂದರೂ ಹಿಮಪಾತ. ನಾನು ಹೇಳುತ್ತಿರುವುದು ಎರಡನೆಯದು, ಹಿಮಕುಸಿತ ಅನ್ನೋಣ.

ಹೋದ ಜನವರಿಯಲ್ಲಿ ನಾವು ಮೂವರು ಸ್ನೋಕ್ವಾಲ್ಮಿ ಪಾಸ್ ಹತ್ತಿರದ ಆಲ್ಪೆಂಟಲ್‌ನಿಂದ ಸ್ನೋ ಲೇಕ್ ಕಡೆ ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲದ ಚೌಕಟ್ಟು) ಹಾಕಿಕೊಂಡು ಹೊರಟಿದ್ದೆವು. ಬೇಸಿಗೆಯಲ್ಲಿ ಜನ ಮಕ್ಕಳುಮರಿ ಕಟ್ಟಿಕೊಂಡು ಹೋಗುವ ದಾರಿ ಅದು. ಮೋಸ ಇರುವುದೇ ಅಲ್ಲಿ, ಚಳಿಗಾಲದಲ್ಲಿ ಅದೇ ದಾರಿ ಹಿಮ ಜಾರಿ ಬರುವ ಇಳಿಜಾರುಗಳ ಬುಡದಲ್ಲಿ ಹಾಯುತ್ತದೆ. ಅಪಾಯಕ್ಕೆ ಇವರು 1ರಿಂದ 5ರವರೆಗೆ ಅಂಕ ಕೊಡುತ್ತಾರೆ, 5 ಅಂದರೆ ಅತಿ ಹೆಚ್ಚು. ಅವತ್ತಿನ ಮುನ್ಸೂಚನೆ ಮರಗಳಿರುವ ಎತ್ತರದಲ್ಲಿ 2, ಅದರ ಮೇಲೆ 3. 'ಐದಕ್ಕೆ ಮೂರು ತಾನೇ, ಬಾ' ಎಂದ ಗೆಳೆಯ. ಮೊದಲ ವರ್ಷ ನಾನೂ ಹೀಗೇ ಮಾರ್ಕ್ಸ್ ಕಾರ್ಡ್ ಓದಿದ ಹಾಗೆ ಓದುತ್ತಿದ್ದೆ. ಆದರೆ 3 ಅಂದರೆ ಯಾರೂ ಮುಟ್ಟದೆಯೂ ಕುಸಿಯಬಹುದು, ನಾವು ಕಾಲಿಟ್ಟರೆ ಕುಸಿಯುವ ಸಂಭವವೇ ಜಾಸ್ತಿ. 4, 5 ಇದ್ದ ದಿನ ಬಹಳ ಜನ ಮನೆಯಲ್ಲೇ ಇರುತ್ತಾರೆ, 3ರ ದಿನ ಬಿಸಿಲು ಕಂಡು ಹೊರಡುತ್ತಾರೆ, ಅಮೆರಿಕದಲ್ಲಿ ಸಾವು ಹೆಚ್ಚಾಗಿ ಆಗುವುದೂ ಈ ಅಂಕದ ದಿನಗಳಲ್ಲೇ.

ಅದಕ್ಕೇ ಹೇಳುತ್ತೇನೆ, ಅಂಕದ ಬಣ್ಣ ಮಾತ್ರ ನೋಡಿ ಫೋನ್ ಜೇಬಿಗೆ ಹಾಕಬೇಡಿ. ಇವರ ನಿಜವಾದ ಕೆಲಸ ಇರುವುದು ಕೆಳಗಿನ ಬರಹದಲ್ಲಿ. ಗಾಳಿ ಯಾವ ಮಗ್ಗುಲಿಗೆ ಹಿಮ ತಂದು ಪೇರಿಸಿದೆ, ಹೊಸ ಹಿಮದ ಮೇಲೆ ಮಳೆ ಬಿದ್ದಿದೆಯಾ (ಇಲ್ಲಿ ಅದು ಮಾಮೂಲು), ಒಳಗೆ ಹೂತ ದುರ್ಬಲ ಪದರ ಏನಾದರೂ ಇದೆಯಾ, ಎಲ್ಲ ಬಿಡಿಸಿ ಹೇಳುತ್ತಾರೆ. ಆ ದುರ್ಬಲ ಪದರ ನನಗೆ ಅರ್ಥವಾಗಿದ್ದು ಹೀಗೆ: ಓರೆ ಇಟ್ಟ ಹಲಗೆಯ ಮೇಲೆ ರಾಗಿ ಚೆಲ್ಲಿ, ಅದರ ಮೇಲೆ ಚಾಪೆ ಹಾಸಿ, ಚಾಪೆಯ ಮೇಲೆ ನಾವು ನಿಂತ ಹಾಗೆ. 30ರಿಂದ 45 ಡಿಗ್ರಿ ಇಳಿಜಾರು ಇದಕ್ಕೆ ಹೇಳಿ ಮಾಡಿಸಿದ್ದು. ನಾವಿರುವ ಜಾಗ ಸಪಾಟಾಗಿದ್ದರೂ ತಲೆಯ ಮೇಲಿರುವುದು ಅಂಥ ಇಳಿಜಾರಾದರೆ ಲೆಕ್ಕ ಒಂದೇ.

ಅರ್ಧ ದಾರಿಯಲ್ಲಿ ಕಾಲ ಕೆಳಗೆ 'ಧುಪ್' ಎಂದಿತು. ಒಳಗಿನ ಪದರ ಕುಸಿದ ಸದ್ದು ಅದು. ಯಾರೂ ಮಾತಾಡಲಿಲ್ಲ, ಸುಮ್ನೆ ತಿರುಗಿದೆವು.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮನಿಗೆ ಥಟ್ಟನೆ ನೆನಪಾಗಿದ್ದು ನಮ್ಮ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದವರು, ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. 'ಆರು ದಿನ ಇದ್ದರಲ್ವಾ' ಎಂದಳು ಅಮ್ಮ. ಅದು ಅಪರೂಪದಲ್ಲಿ ಅಪರೂಪ ಅಮ್ಮಾ. ಸಾಮಾನ್ಯವಾಗಿ ಮೊದಲ 15 ನಿಮಿಷ ಕಳೆದ ಮೇಲೆ ಬದುಕುವ ಆಸೆ ಸರ್ರನೆ ಇಳಿಯುತ್ತದೆ. ಹೊರಗಿನಿಂದ ಸಹಾಯ ಬರುವಷ್ಟು ಹೊತ್ತು ಇರುವುದಿಲ್ಲ, ಜೊತೆಗಿದ್ದವರೇ ಅಗೆಯಬೇಕು.

ಹಾಗಾಗಿ ಬೀಕನ್ (ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ), ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಪ್ರೋಬ್ ಕೋಲು, ಸಲಿಕೆ, ಮೂರೂ ಒಬ್ಬೊಬ್ಬರ ಹತ್ತಿರವೂ ಇರಲಿ. ಎಲ್ಲ ಬೀಕನ್ನೂ ಒಂದೇ 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಕಂಪನಿ ಬೇರೆಯಾದರೂ ತೊಂದರೆಯಿಲ್ಲ. ಅವತ್ತು ನಾವು ಒಂದು ಅಂಗಡಿಯಿಂದ ಬಾಡಿಗೆಗೆ ತಂದಿದ್ದೆವು, ಹೆಸರು ಬೇಡ. ಅದರಲ್ಲಿ ಒಂದರ ಬ್ಯಾಟರಿ 30 ಪರ್ಸೆಂಟ್‌ಗೆ ಇಳಿದಿತ್ತು, ನೋಡಿದ್ದು ಪಾರ್ಕಿಂಗ್ ಲಾಟ್‌ನಲ್ಲಿ! ಕೌಂಟರ್‌ನಲ್ಲೇ ಆನ್ ಮಾಡಿ ನೋಡಿ.

ಸೆಂಟರ್‌ಗೆ ಐದಕ್ಕೆ ಐದು ಸ್ಟಾರ್. ಒಂದು ತಿಳಿದಿರಲಿ, ಏಪ್ರಿಲ್ ಮಧ್ಯದ ಹೊತ್ತಿಗೆ ದಿನದ ಮುನ್ಸೂಚನೆ ನಿಲ್ಲುತ್ತದೆ. ಹಿಮ ಮಾತ್ರ ಮೇಲೆ ಇನ್ನೂ ಇರುತ್ತದೆ.