ಹಿಟ್ಟು ಉಬ್ಬಿಸೋಕೆ ಬಲ್ಬಾ, ಕಂಬಳಿನಾ, ಐಸ್ ಬಾಕ್ಸಾ?

ಡಿಸೆಂಬರ್ ಬಂತು ಅಂದ್ರೆ ನಮ್ಮ ದಾವಣಗೆರೆ ಅಡುಗೆಮನೆಯಲ್ಲಿ ಬ್ರೆಡ್ ಹಿಟ್ಟು ಮುನಿಸಿಕೊಂಡು ಕೂರುತ್ತದೆ. ಮಧ್ಯಾಹ್ನ ಬಿಸಿಲು ಚುರ್ ಅನ್ನುತ್ತಿದ್ದರೂ ಬೆಳಗಿನ ಜಾವ ಐದಕ್ಕೆ ಎದ್ದರೆ ಅಡುಗೆ ಕಟ್ಟೆಯ ಕಲ್ಲು ಕೈ ಕೊರೆಯುತ್ತದೆ. ನಾನು ವಾರಕ್ಕೆ ಎರಡು ದಿನ ಪಾವ್ ಮಾಡಿ ನಮ್ಮ ವಿದ್ಯಾನಗರದ ಅಕ್ಕಪಕ್ಕದ ನಾಲ್ಕೈದು ಮನೆಗೆ ಕೊಡುತ್ತೇನೆ, ಹತ್ತು ಗಂಟೆಗೆ ಕೊಡ್ತೀನಿ ಅಂತ ಒಪ್ಪಿಕೊಂಡಿರುತ್ತೇನೆ. ಏಪ್ರಿಲ್‌ನಲ್ಲಿ ಮುಕ್ಕಾಲು ಗಂಟೆಗೇ ಪಾತ್ರೆ ಬಿಟ್ಟು ಹೊರಗೆ ಬರುವ ಅದೇ ಹಿಟ್ಟು, ಡಿಸೆಂಬರ್‌ನಲ್ಲಿ ಎಂಟಾದರೂ ಕಲಸಿಟ್ಟ ಹಾಗೇ ಕೂತಿರುತ್ತದೆ.

ಹೋದ ಚಳಿಗಾಲ ಪೂರ್ತಿ ಇದೇ ಕೆಲಸ ಮಾಡಿದೆ. ಮನೆಯಲ್ಲಿ ಸಿಗೋದರಲ್ಲೇ ಹಿಟ್ಟು ಉಬ್ಬಿಸುವ ಪೆಟ್ಟಿಗೆ ಮಾಡೋದು, ಒಂದೊಂದನ್ನೂ ಅಳೆದು ನೋಡೋದು. ಅಂಗಡಿಯ ಪ್ರೂಫಿಂಗ್ ಬಾಕ್ಸ್ ಬೆಲೆ ನೋಡಿದೆ, ಆ ದುಡ್ಡಿಗೆ ಇನ್ನೊಂದು ಓವನ್ನೇ ಬರುತ್ತದೆ. ಬೇಡ ಅನ್ನಿಸಿತು.

ಎಲ್ಲಕ್ಕೂ ಒಂದೇ ಹಿಟ್ಟು. 500 ಗ್ರಾಂ ಮೈದಾ, 325 ಗ್ರಾಂ ನೀರು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 10 ಗ್ರಾಂ ಉಪ್ಪು. ಕಲಸಿದ ಮೇಲೆ 100 ಗ್ರಾಂ ಕಿತ್ತು ನೆಟ್ಟಗಿರುವ ಗಾಜಿನ ಲೋಟಕ್ಕೆ ಒತ್ತಿ, ಹಿಟ್ಟು ಇರುವ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ದೊಡ್ಡ ಪಾತ್ರೆಯ ಪಕ್ಕದಲ್ಲೇ ಇಡುತ್ತಿದ್ದೆ. ಲೋಟದ್ದು ಡಬಲ್ ಆದರೆ ಪಾತ್ರೆಯದ್ದೂ ಡಬಲ್, ಕಣ್ಣಂದಾಜಿನ ಜಗಳವೇ ಇಲ್ಲ. ಇನ್ನೊಂದು ಮಾತು, ಥರ್ಮಾಮೀಟರ್ ಕಡ್ಡಿಯನ್ನು ಹಿಟ್ಟಿನ ಮಧ್ಯಕ್ಕೇ ಚುಚ್ಚಿ. ನಾನು ಮೊದಲೆರಡು ವಾರ ಗಾಳಿಯ ಬಿಸಿ ನೋಡಿಕೊಂಡು ಖುಷಿಪಟ್ಟೆ. ಪೆಟ್ಟಿಗೆಯ ಗಾಳಿ 35 ಇದ್ದಾಗಲೂ ಹಿಟ್ಟಿನ ಹೊಟ್ಟೆ 22ರಲ್ಲೇ ಇತ್ತು.

ಯೀಸ್ಟ್‌ಗೆ ಎಷ್ಟು ಬಿಸಿ ಬೇಕು? ಮೊದಲ ಉಬ್ಬಿಗೆ 24ರಿಂದ 28 ಡಿಗ್ರಿ ಇದ್ದರೆ ಆರಾಮ. ಬೇಕರಿಯವರು ಬನ್ನಿನ ಎರಡನೇ ಉಬ್ಬಿಗೆ, ಅಂದ್ರೆ ಉಂಡೆ ಮಾಡಿ ಟ್ರೇಗೆ ಇಟ್ಟ ಮೇಲಿನ ಉಬ್ಬಿಗೆ, ಆವಿ ಕೊಟ್ಟು 35ರಿಂದ 38ರವರೆಗೂ ಒಯ್ಯುತ್ತಾರೆ. 40 ದಾಟಿದರೆ ಹಿಟ್ಟು ಉಬ್ಬುತ್ತದೆ, ಆದ್ರೆ ಹುಳಿ ವಾಸನೆ, ಅಂಟಂಟು. 55-60ಕ್ಕೆ ಹೋದರೆ ಯೀಸ್ಟ್ ಸತ್ತೇ ಹೋಗುತ್ತದೆ. ನಮ್ಮ ಕಟ್ಟೆ ಮೇಲೆ 19 ಡಿಗ್ರಿಯಲ್ಲಿ ಸುಮ್ನೆ ಬಿಟ್ಟ ಹಿಟ್ಟು ಡಬಲ್ ಆಗಲು 2 ಗಂಟೆ 50 ನಿಮಿಷ ತಗೊಂಡಿತು. ಉಳಿದದ್ದೆಲ್ಲ ಇದರ ಎದುರು ಹೋಲಿಕೆ.

ಶುರು ಮಾಡಿದ್ದು ಓಟಿಜಿಯಿಂದ, ಅಂದ್ರೆ ಕರೆಂಟಿನ ಪುಟ್ಟ ಓವನ್‌ನಿಂದ. ಒಳಗಿನ ದೀಪ ಹಾಕಿ ಹಿಟ್ಟಿಡಿ ಅಂತ ಎಲ್ಲರೂ ಹೇಳುತ್ತಾರೆ, ನಮ್ಮದರಲ್ಲಿ ದೀಪ ಬೇರೆ ಹತ್ತೋದೇ ಇಲ್ಲ, ಕಾಯಿಲ್ ಹತ್ತಿದರೆ ಮಾತ್ರ ದೀಪ. ಹಾಗಾಗಿ ಒಂದು ನಿಮಿಷ ಹಚ್ಚಿ ಆರಿಸಿ ಹಿಟ್ಟಿಟ್ಟೆ. ಕಾಯಿಲ್ ಆರಿದ ಮೇಲೂ ಕಾವು ಬಿಡುತ್ತಲೇ ಇರುತ್ತದಲ್ಲ, ತಗಡು ಕಾದು ಪಾತ್ರೆಯ ತಳದ ಹಿಟ್ಟು ಬೆಂದ ಹಾಗಾಯಿತು, ಮೇಲೆ ಮಾತ್ರ ತಣ್ಣಗೆ. ಎರಡನೇ ಸಲ ಇನ್ನೂ ಚೆನ್ನಾಗಿತ್ತು. ನಾನು ಸ್ನಾನಕ್ಕೆ ಹೋದಾಗ ನಮ್ಮ ಯಜಮಾನರು ಸಹಾಯ ಮಾಡೋಣ ಅಂತ ಓವನ್ ಕಾಯಲಿ ಎಂದು 200ಕ್ಕೆ ತಿರುಗಿಸಿಬಿಟ್ಟಿದ್ದರು. ಒಳಗೆ ಹಿಟ್ಟು, ಮೇಲೆ ಮುಚ್ಚಿದ ಪ್ಲಾಸ್ಟಿಕ್. ಆ ವಾಸನೆ ಹೋಗಲು ಮೂರು ದಿನ ಬೇಕಾಯಿತು. ಓವನ್ನನ್ನೇ ಬಳಸುವವರು ಗುಂಡಿಯ ಮೇಲೆ ದೊಡ್ಡದಾಗಿ ಚೀಟಿ ಅಂಟಿಸಿ. ಮತ್ತೆ ಬೇಯಿಸೋಕೂ ಅದೇ ಓವನ್ ಬೇಕು, ಅದು ಕಾಯುವ ಹದಿನೈದಿಪ್ಪತ್ತು ನಿಮಿಷ ಹಿಟ್ಟು ಹೊರಗೆ ಚಳಿಯಲ್ಲಿ ಕೂರಬೇಕು. ಈ ಲೆಕ್ಕವನ್ನು ಯಾರೂ ಹೇಳಲ್ಲ.

ಮೈಕ್ರೊವೇವ್ ಒಳಗೆ ಒಂದು ಲೋಟ ಕುದಿ ನೀರಿಟ್ಟು ಬಾಗಿಲು ಹಾಕೋದೂ ನೋಡಿದೆ. ಪರವಾಗಿಲ್ಲ, 40 ನಿಮಿಷ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ನೀರು ಬದಲಿಸಬೇಕು. ಚಿಕ್ಕ ಪಾತ್ರೆಗೆ ಸರಿ, ನನ್ನ ಪಾತ್ರೆ ಅದರೊಳಗೆ ಹೋಗಲ್ಲ.

ಆಮೇಲೆ ಬಲ್ಬಿನ ಪೆಟ್ಟಿಗೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದ್ರೆ ಎಲ್ಲರಿಗೂ ಮೊದಲು ಹೊಳೆಯೋದು ಇದೇ, ಹೆದರಿಕೆ ಇರೋದೂ ಇದರಲ್ಲೇ. ಮೆಡಿಕಲ್ ಶಾಪ್‌ಗೆ ಔಷಧಿ ಬರುವ ದಪ್ಪ ಥರ್ಮಾಕೋಲ್ ಪೆಟ್ಟಿಗೆ ಕೇಳಿದರೆ ಸುಮ್ನೆ ಕೊಡುತ್ತಾರೆ. ಅದಕ್ಕೊಂದು ತೂತು, ಹೋಲ್ಡರ್, ಹಳೆಯ ಕಾಲದ 40 ವ್ಯಾಟ್ ತಂತಿ ಬಲ್ಬ್. ಎಲ್‌ಇಡಿ ಹಾಕಿದರೆ ಬಿಸಿ ಸಾಲಲ್ಲ, ಅದಕ್ಕೇ ಹಳೇದನ್ನು ಹುಡುಕಿ ತಂದದ್ದು. ಇಪ್ಪತ್ತು ನಿಮಿಷಕ್ಕೆ ಒಳಗಿನ ಗಾಳಿ 47. ಅಯ್ಯೋ ಜಾಸ್ತಿ ಆಯ್ತಲ್ಲ ಅಂತ ಮುಚ್ಚಳ ಓರೆ ಮಾಡಿದೆ, ಹತ್ತು ನಿಮಿಷಕ್ಕೆ 30ಕ್ಕಿಂತ ಕೆಳಗೆ. ಮತ್ತೆ ಮುಚ್ಚಿದೆ, ಮತ್ತೆ 45. ಬೆಳಗಿನ ಕೆಲಸ ಬಿಟ್ಟು ಪೆಟ್ಟಿಗೆಯ ಮುಂದೆ ಕಾವಲು ಕೂತ ಹಾಗಾಯಿತು. ಹಿಟ್ಟಿನ ಮೇಲೆ ಒಣಗಿದ ಸಿಪ್ಪೆ ಬೇರೆ, ಹಪ್ಪಳದ ಹಾಗೆ.

ಮೂರನೇ ದಿನ ಪೆಟ್ಟಿಗೆ ತೊಳೆಯೋಣ ಅಂತ ತಿರುಗಿಸಿದರೆ, ಬಲ್ಬಿನ ಪಕ್ಕದ ಗೋಡೆಯಲ್ಲಿ ಬೆರಳಿಡುವಷ್ಟು ಗುಳಿ. ಅಂಚು ಹೊಳೆಯುತ್ತಿತ್ತು, ಸಕ್ಕರೆ ಕರಗಿ ಗಟ್ಟಿಯಾದ ಹಾಗೆ. ಥರ್ಮಾಕೋಲ್ 80 ಡಿಗ್ರಿ ಆಸುಪಾಸಿಗೇ ಮೆತ್ತಗಾಗಲು ಶುರು ಆಗುತ್ತದೆ, ಉರಿಯುವ 40 ವ್ಯಾಟ್ ಬಲ್ಬಿನ ಗಾಜು 100 ದಾಟಿರುತ್ತದೆ. ಬಲ್ಬ್ ಗೋಡೆಗೆ ತಾಗಿರಲಿಲ್ಲ, ಮೂರು ಬೆರಳು ದೂರ ಇತ್ತು, ಆದರೂ ಹೀಗೆ. ಥರ್ಮಾಕೋಲ್‌ಗೆ ಬೆಂಕಿ ಹತ್ತಿದರೆ ಕರಗಿ ತೊಟ್ಟಿಕ್ಕುತ್ತಾ ಕಪ್ಪು ಹೊಗೆ ಬಿಡುತ್ತಾ ಉರಿಯುತ್ತದೆ. ಆ ಗುಳಿ ನೋಡಿದ ಮೇಲೆ ನನಗೆ ಅವತ್ತು ಪಾವ್ ಮಾಡೋಕೇ ಮನಸ್ಸು ಬರಲಿಲ್ಲ.

ದೇವರ ಮನೆಯ ಹಳೆಯ ಜೀರೋ ಬಲ್ಬ್ ಹಾಕಿ, ಅದರ ಮೇಲೆ ಹೂವಿನ ಗಿಡದ ಮಣ್ಣಿನ ಕುಂಡ ಬೋರಲು ಹಾಕಿಯೂ ನೋಡಿದೆ. ಹೆಸರಿಗೆ ಜೀರೋ, ಆ ಹಳೆಯ ತಂತಿ ಬಲ್ಬುಗಳು 10-15 ವ್ಯಾಟ್ ಎಳೆಯುತ್ತವೆ. ಕುಂಡ ಕಾದು ಮೆಲ್ಲಗೆ ಕಾವು ಬಿಡುತ್ತದೆ, ಗಾಳಿ 34ರಲ್ಲಿ ನಿಂತಿತು, ಹಿಟ್ಟು 1 ಗಂಟೆ 10 ನಿಮಿಷಕ್ಕೆ ಡಬಲ್. ಫಲಿತಾಂಶ ನಿಜಕ್ಕೂ ಚೆನ್ನಾಗಿತ್ತು. ಆದ್ರೆ ಹಿಟ್ಟು ಒಣಗದಿರಲಿ ಅಂತ ಒಳಗೆ ಬಿಸಿ ನೀರು ಇಡಲೇಬೇಕು, ಆ ಆವಿ ಹೋಗಿ ಕೂರೋದು 230 ವೋಲ್ಟ್‌ನ ಹೋಲ್ಡರ್ ಮೇಲೆ. ಬೆಳಿಗ್ಗೆ ಒದ್ದೆ ಕೈಯಲ್ಲಿ ನಾನೇ ಅದರೊಳಗೆ ಕೈ ಹಾಕಬೇಕು. ಕರೆಂಟ್ ಸೋರಿದರೆ ತಟ್ಟಂತ ಬೀಳುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಮನೆಯಲ್ಲಿ ಇದ್ದರೆ ಜೀವಕ್ಕೆ ಒಂದು ಕಾವಲು ಇದ್ದ ಹಾಗೆ, ನಮ್ಮ ಹಳೆಯ ಮನೆಯಲ್ಲಿ ಇಲ್ಲ. ಕಳಚಿಟ್ಟೆ.

ಇಷ್ಟೆಲ್ಲ ನೋಡಿದ ಅತ್ತೆ ಒಂದಿನ, "ಏನವ್ವಾ ಒಂದು ಹಿಟ್ಟಿಗೆ ಇಷ್ಟು ಒದ್ದಾಡ್ತೀಯ, ಕಂಬಳಿ ಹೊದಿಸಿ ಮಲಗಿಸು" ಅಂದರು. ಅವರ ತವರು ಚಳ್ಳಕೆರೆ ಕಡೆ, ಕರೀ ಕಂಬಳಿ ಮನೆಯಲ್ಲಿ ಎರಡು ಇವೆ. ದೋಸೆ ಹಿಟ್ಟಿಗೆ ಅವರು ಮಾಡೋದು ಹಾಗೇ. ನಾನು ಸುತ್ತಿಟ್ಟೆ, 2 ಗಂಟೆ 25 ನಿಮಿಷ ಹಿಡಿಯಿತು. ಕಟ್ಟೆಗಿಂತ ಬರೀ 25 ನಿಮಿಷ ಬೇಗ. ಕಂಬಳಿ ಇರೋ ಕಾವನ್ನು ಹಿಡಿದಿಡುತ್ತದೆ, ತಾನಾಗಿ ಕೊಡಲ್ಲ ಅಲ್ವಾ. ನನ್ನ ಹಿಟ್ಟು ಕಲಸಿದಾಗಲೇ 21 ಇತ್ತು.

ಹಾಗಾದರೆ ಕಲಸುವಾಗಲೇ ಕಾವು ತುಂಬಿದರೆ? ಇದಕ್ಕೆ ಬೇಕರಿಯವರ ಒಂದು ಸುಲಭದ ಲೆಕ್ಕ ಇದೆ. ಹಿಟ್ಟು ಎಷ್ಟು ಡಿಗ್ರಿ ಬೇಕೋ ಅದನ್ನು ಮೂರರಿಂದ ಗುಣಿಸಿ, ಅದರಿಂದ ಮೈದಾದ ಬಿಸಿ, ಕೋಣೆಯ ಬಿಸಿ, ನಾದುವಾಗ ಹುಟ್ಟುವ ಬಿಸಿ ಮೂರನ್ನೂ ಕಳೆಯೋದು, ಉಳಿದದ್ದೇ ನೀರಿನ ಬಿಸಿ. ನನಗೆ 27 ಬೇಕು ಅಂದ್ರೆ 81, ಅದರಲ್ಲಿ 19, 19, ಕೈಯಲ್ಲಿ ನಾದುವುದಕ್ಕೆ 2 ಹೋದರೆ 41. ಅಂದ್ರೆ ಮಗುವಿನ ಸ್ನಾನದ ನೀರಿಗಿಂತ ಒಂಚೂರು ಜಾಸ್ತಿ. ಆ ನೀರಲ್ಲಿ ಕಲಸಿ, ಪಾತ್ರೆಯನ್ನೂ ಬಿಸಿ ನೀರಲ್ಲಿ ತೊಳೆದು ಒರೆಸಿ, ಕಂಬಳಿ ಸುತ್ತಿದೆ. 1 ಗಂಟೆ 35 ನಿಮಿಷ! ಡಬಲ್ ಆದಾಗಲೂ ಹಿಟ್ಟಿನ ಹೊಟ್ಟೆ 25 ಇತ್ತು. ಒಂದು ರೂಪಾಯಿ ಖರ್ಚಿಲ್ಲ, ವೈರ್ ಇಲ್ಲ. ಅತ್ತೆ ಏನೂ ಹೇಳಲಿಲ್ಲ, ನೋಡಿ ನಕ್ಕರು ಅಷ್ಟೇ. ತೊಂದರೆ ಅಂದ್ರೆ ಎರಡನೇ ಉಬ್ಬಿಗೆ ಇದು ಬರಲ್ಲ. ಟ್ರೇನಲ್ಲಿ ಸಾಲಾಗಿ ಕೂರಿಸಿದ ಪಾವಿನ ಮೇಲೆ ಕಂಬಳಿ ಹೊದಿಸಿದರೆ ಉಣ್ಣೆ ಎಳೆ ಅಂಟುತ್ತದೆ, ಭಾರಕ್ಕೆ ಕುಗ್ಗುತ್ತವೆ.

ತಂಗಿ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಸಂಕ್ರಾಂತಿಗೆ ಬಂದವನು ಬಲ್ಬಿನ ಗುಳಿ ನೋಡಿ, "ದೊಡ್ಡಮ್ಮ, ಮನೆ ಸುಟ್ಕೊಳ್ತೀರ" ಅಂದು 12 ವೋಲ್ಟ್‌ನದೊಂದು ಮಾಡಿಕೊಟ್ಟ. 15 ವ್ಯಾಟ್‌ನ ಹೀಟರ್ ಪ್ಯಾಡ್, 2 ಆಂಪ್ ಅಡಾಪ್ಟರ್, ಬಿಸಿ ನೋಡಿಕೊಂಡು ಹೀಟರ್ ಹಚ್ಚಿ ಆರಿಸುವ ಡಬ್ಲ್ಯೂ1209 ಅನ್ನುವ ಪುಟ್ಟ ಥರ್ಮೋಸ್ಟಾಟ್ ಬೋರ್ಡ್. ಅಡಾಪ್ಟರ್ ಮತ್ತು ಬೋರ್ಡ್ ಪೆಟ್ಟಿಗೆಯ ಹೊರಗೆ, ಒಳಗೆ ಹೋಗೋದು ಪ್ಯಾಡ್ ಮತ್ತು ಸೆನ್ಸರ್ ಕಡ್ಡಿ ಮಾತ್ರ. ಪ್ಯಾಡನ್ನು ಸ್ಟೀಲ್ ತಟ್ಟೆಯ ಕೆಳಗೆ ಇಟ್ಟು, ಅದರ ಮೇಲೆ ಜಾಲರಿ, ಅದರ ಮೇಲೆ ಹಿಟ್ಟು.

ಅವನು ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. ಈ ಬೋರ್ಡಿನ ರಿಲೇ, ಅಂದ್ರೆ ತಾನಾಗಿ ಹತ್ತಿ ಆರುವ ಸ್ವಿಚ್ಚು, ಎಂದಾದರೂ ಅಂಟಿಕೊಂಡರೆ ಹೀಟರ್ ಆರುವುದೇ ಇಲ್ಲವಂತೆ. ಅದಕ್ಕೇ ಥರ್ಮೋಸ್ಟಾಟ್ ತೆಗೆದು ಪ್ಯಾಡನ್ನು ನೇರ ಅಡಾಪ್ಟರ್‌ಗೆ ಸಿಕ್ಕಿಸಿ, ಮುಚ್ಚಳ ಹಾಕಿ, ಮೂರು ಗಂಟೆ ಎದುರಿಗೇ ಕೂತು ನೋಡಿದ. 42 ಡಿಗ್ರಿಗೆ ಹೋಗಿ ನಿಂತಿತು, ಮುಂದೆ ಏರಲಿಲ್ಲ. ಅಂದ್ರೆ ಎಲ್ಲ ಕೆಟ್ಟರೂ ಹಾಳಾಗೋದು ನನ್ನ ಹಿಟ್ಟು ಮಾತ್ರ, ಮನೆ ಅಲ್ಲ. ನೀವು ಯಾವ ಹೀಟರ್ ಹಾಕಿದರೂ ಈ ಪರೀಕ್ಷೆ ಮೊದಲು ಮಾಡಿ. ಬೆನ್ನು ನೋವಿಗೆ ಇಟ್ಟುಕೊಳ್ಳುವ ಹೀಟಿಂಗ್ ಪ್ಯಾಡ್ ಹಾಕಬಹುದಾ ಅಂತ ಕೇಳಬೇಡಿ, ಅದನ್ನು ಮುಚ್ಚಿಟ್ಟು ಮೇಲೆ ಭಾರ ಹೇರೋದಕ್ಕೆ ಮಾಡಿಲ್ಲ, ಒದ್ದೆಗಂತೂ ಅಲ್ಲವೇ ಅಲ್ಲ.

28ಕ್ಕೆ ಸೆಟ್ ಮಾಡಿದರೆ ಎರಡು ಡಿಗ್ರಿ ಆಚೀಚೆ ಆಡುತ್ತಾ ನಿಲ್ಲುತ್ತದೆ, ಹಿಟ್ಟು 1 ಗಂಟೆ 15 ನಿಮಿಷಕ್ಕೆ ತಯಾರ್. ಬರೀ ಅಂಕಿ ನೋಡಿದರೆ ಇದೇ ಒಳ್ಳೆಯದು. ಆದ್ರೆ ಸಾಮಾನಿಗೆ ಸಾವಿರದ ಹತ್ತಿರ ಆಯಿತು, ಕರೆಂಟ್ ಹೋದರೆ ಸುಮ್ಮನಾಗುತ್ತದೆ. ಬೆಳಗಿನ ಜಾವ ಕರೆಂಟ್ ಹೋಗೋದು ನಮ್ಮಲ್ಲಿ ಹೊಸತೇನಲ್ಲ.

ಐಸ್ ಬಾಕ್ಸ್ ವಿಷಯಕ್ಕೆ ಬಂದಿದ್ದೇ ಅಂಥ ಒಂದು ದಿನ. ಹಿಟ್ಟು ಕಲಸಿ ಮುಗಿಸಿದ್ದೆ, ಕರೆಂಟ್ ಇಲ್ಲ. ಅಟ್ಟದ ಮೇಲೆ 25 ಲೀಟರ್‌ನ ಐಸ್ ಬಾಕ್ಸ್ ಇತ್ತು, ಮನೆಯ ಫಂಕ್ಷನ್‌ಗೆ ಐಸ್‌ಕ್ರೀಮ್ ಇಡೋಕೆ ತಂದದ್ದು. ಗ್ಯಾಸ್ ಮೇಲೆ ಒಂದು ಲೀಟರ್ ನೀರು ಕುದಿಸಿ, ಪಾತ್ರೆಗೆ ಹಾಕಿ ಬಾಕ್ಸಿನ ಒಂದು ಮೂಲೆಗಿಟ್ಟು, ಪಕ್ಕದಲ್ಲಿ ಸಿಂಬೆ ಮೇಲೆ ಹಿಟ್ಟಿನ ಪಾತ್ರೆ. ಮೊದಲ ದಿನ ಗಾಳಿ 39ಕ್ಕೆ ಹೋಯಿತು, ಜಾಸ್ತಿ. ಮಾರನೇ ಸಲ ಅರ್ಧ ಲೀಟರ್ ಇಟ್ಟೆ. ಹತ್ತು ನಿಮಿಷಕ್ಕೆ 32, ಒಂದು ಗಂಟೆಗೆ 29, ಎರಡು ಗಂಟೆಗೆ 27. ಯಾರೂ ಮುಟ್ಟಲಿಲ್ಲ, ಯಾವುದೂ ಟಿಕ್ ಟಿಕ್ ಅನ್ನಲಿಲ್ಲ. ಹಿಟ್ಟು 1 ಗಂಟೆ 20 ನಿಮಿಷಕ್ಕೆ ಡಬಲ್, ಸಾವಿರ ರೂಪಾಯಿ ಪೆಟ್ಟಿಗೆಗಿಂತ ಐದೇ ನಿಮಿಷ ತಡ. ಮೇಲ್ಮೈ ಮಗುವಿನ ಕೆನ್ನೆ ಹಾಗೆ, ಸಿಪ್ಪೆ ಇಲ್ಲ, ಯಾಕಂದ್ರೆ ಆವಿ ಅದರಲ್ಲೇ ಇದೆ.

ಒಂದೇ ಕಾಟ, ಮುಚ್ಚಳದ ಒಳಗೆ ಹನಿ ಕಟ್ಟಿ ಹಿಟ್ಟಿನ ಮೇಲೆ ತೊಟ್ಟಿಕ್ಕುತ್ತದೆ. ಹನಿ ಬಿದ್ದ ಕಡೆ ಪಾವಿನ ಮೇಲೆ ಸಿಡುಬಿನ ಕಲೆ ಹಾಗೆ ಗುರುತು. ಹಳೆಯ ಹತ್ತಿ ಟವೆಲ್ ಒಂದನ್ನು ಮುಚ್ಚಳಕ್ಕೆ ಸಿಕ್ಕಿಸಿ ಮುಚ್ಚಿದೆ, ನಿಂತಿತು. ಕುದಿ ನೀರಿನ ಪಾತ್ರೆ ಬಾಕ್ಸಿನ ಪ್ಲಾಸ್ಟಿಕ್‌ಗೆ ನೇರ ತಾಗದ ಹಾಗೆ ಕೆಳಗೆ ಮರದ ಹಲಗೆ ಇಡಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಇಷ್ಟೇ ಎಚ್ಚರ.

ನನ್ನ ಮಟ್ಟಿಗೆ ಐಸ್ ಬಾಕ್ಸೇ ಗೆದ್ದಿತು, ಅದಕ್ಕೆ ದುಡ್ಡು ಮಾತ್ರ ಕಾರಣ ಅಲ್ಲ. ದಾವಣಗೆರೆಯಲ್ಲಿ ಚಳಿ ಇರೋದು ಎಷ್ಟು ದಿನ ಹೇಳಿ? ನವೆಂಬರ್ ಕೊನೆಯಿಂದ ಫೆಬ್ರವರಿ ಶುರುವಿನ ತನಕ. ಶಿವರಾತ್ರಿ ಕಳೆದರೆ ಪ್ಯಾಡೂ ಬೋರ್ಡೂ ಅಟ್ಟ ಸೇರುತ್ತವೆ. ಏಪ್ರಿಲ್ ಮಧ್ಯಾಹ್ನ ನಮ್ಮ ಅಡುಗೆಮನೆ 36 ದಾಟುತ್ತದೆ, ಆಗ ಕಷ್ಟ ಉಲ್ಟಾ, ಹಿಟ್ಟು ಓಡುತ್ತದೆ, ತಡೆಯಬೇಕು. ಅದೇ ಬಾಕ್ಸಿಗೆ ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ಅರ್ಧ ಲೀಟರ್ ನೀರಿನ ಬಾಟಲಿ ಬಟ್ಟೆ ಸುತ್ತಿ ಇಟ್ಟೆ, ಹಿಟ್ಟು 26ರಲ್ಲಿ ನಿಂತಿತು. ಹೀಟರ್ ಪೆಟ್ಟಿಗೆಯಲ್ಲಿ ಇದು ಆಗೋ ಮಾತಲ್ಲ. ಮಡಿಕೇರಿಯಂಥ ಊರಲ್ಲಿದ್ದು ದಿನಾ ಬ್ರೆಡ್ ಮಾಡುವವರಾದರೆ 12 ವೋಲ್ಟ್‌ನದ್ದು ಮಾಡಿಸಿಕೊಳ್ಳಿ, ನಾನು ಬೇಡ ಅನ್ನಲ್ಲ.

ಈಗಿರೋ ತೊಂದರೆ ಒಂದೇ. ಅತ್ತೆ ದೋಸೆ ಹಿಟ್ಟನ್ನೂ ಅದರಲ್ಲೇ ಇಡಲು ಶುರು ಮಾಡಿದ್ದಾರೆ. ಶನಿವಾರ ರಾತ್ರಿ ಹೇಳಿಡದಿದ್ದರೆ, ಭಾನುವಾರ ಐದಕ್ಕೆ ಮುಚ್ಚಳ ತೆಗೆದಾಗ ಒಳಗೆ ಅವರ ಪಾತ್ರೆ ಕೂತಿರುತ್ತದೆ, ನಾನು ಕಂಬಳಿ ಹುಡುಕಬೇಕು.