ಇಬ್ಬರು ಶ್ರೀಕಂಠಯ್ಯರನ್ನು ಒಂದಾಗಿಸಿದ ಗ್ರಂಥಾಲಯ ಸೂಚಿ

ನಮ್ಮ ಬಡಾವಣೆಯ ಗ್ರಂಥಾಲಯವು ಹೊಸದಾಗಿ ಆರಂಭಿಸಿರುವ ಗಣಕೀಕೃತ ಪುಸ್ತಕ ಸೂಚಿಯ ಸೇವೆ ವೇಗವಾಗಿದೆ, ಕನ್ನಡ ಅಕ್ಷರಗಳಲ್ಲೇ ಹುಡುಕಲು ಬರುತ್ತದೆ, ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದನ್ನೂ ತಿಳಿಸುತ್ತದೆ. ಆದರೆ ‘ಶ್ರೀಕಂಠಯ್ಯ’ ಎಂದು ಟೈಪಿಸಿದರೆ ಕನ್ನಡದ ಇಬ್ಬರು ಸಾಹಿತಿಗಳಾದ ಬಿ.ಎಂ. ಶ್ರೀಕಂಠಯ್ಯ (ಬಿ.ಎಂ.ಶ್ರೀ) ಮತ್ತು ತೀ.ನಂ. ಶ್ರೀಕಂಠಯ್ಯ (ತೀ.ನಂ.ಶ್ರೀ) ಅವರ ಕೃತಿಗಳೆಲ್ಲ ಒಬ್ಬರದೇ ಎಂಬಂತೆ ತೆರೆದುಕೊಳ್ಳುತ್ತವೆ. 1953ರಲ್ಲಿ ಪ್ರಕಟವಾದ ತೀ.ನಂ.ಶ್ರೀ ಅವರ ‘ಭಾರತೀಯ ಕಾವ್ಯಮೀಮಾಂಸೆ’ಯು 1946ರಲ್ಲೇ ತೀರಿಕೊಂಡ ಬಿ.ಎಂ.ಶ್ರೀ ಅವರ ಹೆಸರಿನಡಿ ಕಾಣಿಸುತ್ತದೆ.

ಇಬ್ಬರೂ ಇಂದಿನ ತುಮಕೂರು ಜಿಲ್ಲೆಯಲ್ಲಿಯೇ ಹುಟ್ಟಿದವರು, ಇಬ್ಬರೂ ಪ್ರಾಧ್ಯಾಪಕರು ಎಂಬುದು ಗೊಂದಲವನ್ನು ಹೆಚ್ಚಿಸುವ ಸಂಗತಿಯೇ ಸರಿ. ಆದರೂ 1884ರಲ್ಲಿ ಸಂಪಿಗೆಯಲ್ಲಿ ಜನಿಸಿ, ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡ ಕವಿತೆಗೆ ಹೊಸ ಹಾದಿ ತೋರಿದ ಗುರು ಬಿ.ಎಂ.ಶ್ರೀ ಅವರನ್ನೂ, 1906ರಲ್ಲಿ ತೀರ್ಥಪುರದಲ್ಲಿ ಜನಿಸಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲಕಾಲ ಅಮಲ್ದಾರರಾಗಿದ್ದು (ತಾಲ್ಲೂಕಿನ ಕಂದಾಯ ಅಧಿಕಾರಿ), ಆ ಅಧಿಕಾರವನ್ನು ಬಿಟ್ಟು ಅಧ್ಯಾಪನಕ್ಕೆ ಬಂದ ಶಿಷ್ಯ ತೀ.ನಂ.ಶ್ರೀ ಅವರನ್ನೂ ಒಂದೇ ಸಾಲಿಗೆ ಸೇರಿಸುವುದು ಇಬ್ಬರಿಗೂ ಮಾಡುವ ಅನ್ಯಾಯ. ಇಂಥ ಸೂಚಿಯನ್ನೇ ನಂಬಿ ಟಿಪ್ಪಣಿ ಬರೆದುಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ಲೇಖಕರ ಪೂರ್ಣ ಹೆಸರು, ಜನನ ಮತ್ತು ಮರಣದ ವರ್ಷಗಳನ್ನು ಪ್ರತಿ ನಮೂದಿನಲ್ಲೂ ಸೇರಿಸುವವರೆಗೆ ಈ ಸೇವೆಗೆ ಐದರಲ್ಲಿ ಮೂರಕ್ಕಿಂತ ಹೆಚ್ಚು ಅಂಕ ನೀಡಲಾರೆ.